ಆರನೇ ತರಗತಿಯ ಬಾಗಿಲಲ್ಲಿ ನಿಂತು ನೋಡಿ

ಕೇಳುಗರಿಗೆ ನಮಸ್ಕಾರ.

ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಹೇಗಿದೆ ಎಂದು ಯಾರನ್ನಾದರೂ ಕೇಳಿ. ಒಬ್ಬರು ಹೊಸ ಕೊಠಡಿಗಳ ಮಾತೆತ್ತುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ಮಾಧ್ಯಮ ಬಂತಲ್ಲ ಎನ್ನುತ್ತಾರೆ, ಮತ್ತೊಬ್ಬರು ಮಕ್ಕಳೇ ಕಮ್ಮಿಯಾದರು ಎಂದು ತಲೆ ಆಡಿಸುತ್ತಾರೆ. ಇವೆಲ್ಲ ಗೇಟಿನ ಹೊರಗೆ ನಿಂತು ಹೇಳುವ ಮಾತು. ಒಂದರಿಂದ ಏಳರವರೆಗೆ, ಕೆಲವು ಕಡೆ ಎಂಟರವರೆಗೆ ನಡೆಯುವ ಈ ಶಾಲೆಯನ್ನು ಅಳೆಯಬೇಕಾದ್ದು ಆರು ಮತ್ತು ಏಳನೇ ತರಗತಿಗಳಲ್ಲಿ. ಅಲ್ಲಿಯೂ ಮುಂದಿನ ಸಾಲಿನ ಮಗುವನ್ನು ನೋಡಿ ಅಲ್ಲ. ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವಿಗೆ ಆ ಶಾಲೆ ಏನು ಮಾಡುತ್ತಿದೆ ಎಂಬುದನ್ನು ನೋಡಿ. ಚುರುಕಾದ ಮಗು ಎಲ್ಲಿದ್ದರೂ ಹೇಗೋ ಕಲಿತುಕೊಳ್ಳುತ್ತದೆ. ಅದರ ಲೆಕ್ಕದಲ್ಲಿ ಶಾಲೆಗೆ ಅಂಕ ಕೊಡಬಾರದು.

ಆರನೇ ತರಗತಿಯೇ ಏಕೆ ಎಂದರೆ, ಮೊದಲ ಮೂರು ವರ್ಷ ಮಕ್ಕಳು ನಲಿ ಕಲಿ ಎಂಬ ಚಟುವಟಿಕೆಯ ಪದ್ಧತಿಯಲ್ಲಿರುತ್ತಾರೆ, ಕಾರ್ಡು, ಗುಂಪು, ಹಾಡು ಎಂದು ಒಂದೇ ಕೋಣೆಯಲ್ಲಿ ಸಾಗುತ್ತದೆ. ನಾಲ್ಕು, ಐದರಲ್ಲಿ ಪಠ್ಯಪುಸ್ತಕ ಭಾರವಾಗುತ್ತದೆ. ಆರಕ್ಕೆ ಬಂದಾಗ ವಿಷಯಕ್ಕೊಬ್ಬ ಶಿಕ್ಷಕರು ಬೇಕು, ವಿಜ್ಞಾನದ ಪಾಠ ಓದಿ ಅರ್ಥ ಮಾಡಿಕೊಳ್ಳುವಷ್ಟು ಕನ್ನಡ ಬೇಕು, ಭಿನ್ನರಾಶಿಗೆ ಭಾಗಾಕಾರ ಬೇಕು. ಕೆಳಗಿನ ತರಗತಿಗಳಲ್ಲಿ ಉಳಿದುಹೋದದ್ದೆಲ್ಲ ಇಲ್ಲಿ ಬಯಲಾಗುತ್ತದೆ.

ಶಾಲೆಗೆ ಹೋಗುವ ಮೊದಲು ಮೊಬೈಲಿನಲ್ಲೇ ಒಂದು ಕೆಲಸ ಮುಗಿಸಿಕೊಳ್ಳಬಹುದು. ದೇಶದ ಪ್ರತಿ ಶಾಲೆಗೂ ಯುಡೈಸ್ ಎಂಬ 11 ಅಂಕಿಯ ಗುರುತಿನ ಸಂಖ್ಯೆ ಇದೆ, ಕರ್ನಾಟಕದ ಶಾಲೆಗಳದ್ದು 29ರಿಂದ ಶುರುವಾಗುತ್ತದೆ. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಶಾಲೆಯ ವರದಿ ಪತ್ರ ಸಿಗುತ್ತದೆ. ಮಕ್ಕಳೆಷ್ಟು, ಶಿಕ್ಷಕರೆಷ್ಟು, ಶೌಚಾಲಯ, ನೀರು, ಗ್ರಂಥಾಲಯ ಎಲ್ಲದರ ವಿವರ ಅದರಲ್ಲಿರುತ್ತದೆ. ಒಂದು ವರ್ಷದ ಅಂಕಿ ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದೇ ತಂಡದ ಮಕ್ಕಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ. ಎರಡು ವರ್ಷದ ಹಿಂದೆ ನಾಲ್ಕರಲ್ಲಿ 24 ಮಕ್ಕಳಿದ್ದು ಈಗ ಆರರಲ್ಲಿ 15 ಉಳಿದಿದ್ದರೆ ಆ ಒಂಬತ್ತು ಮಕ್ಕಳು ಎಲ್ಲಿ ಹೋದರು ಎಂಬುದೇ ಮುಖ್ಯ ಶಿಕ್ಷಕರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ. ಖಾಸಗಿ ಶಾಲೆಯ ವ್ಯಾನು ಹತ್ತಿದರೆ ಅದು ಒಂದು ಕಥೆ. ಅಪ್ಪ ಅಮ್ಮನ ಜೊತೆ ಗುಳೆ ಹೋಗಿದ್ದರೆ ಅದು ಬೇರೆಯೇ ಕಥೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಶಾಲೆಗಳಲ್ಲಿ ಈ ಎರಡನೆಯದನ್ನು ಶಾಲೆಯ ದೋಷವೆಂದು ಬರೆದುಕೊಳ್ಳುವುದು ಅನ್ಯಾಯ. ಆದರೆ ಹೋದ ಮಗುವಿನ ಹೆಸರು, ಹೋದ ಊರು ಮುಖ್ಯ ಶಿಕ್ಷಕರಿಗೆ ಗೊತ್ತಿದೆಯೇ ಎಂದು ಮಾತ್ರ ನೋಡಲೇಬೇಕು. ಇನ್ನೊಂದು ಮಾತು. ಈ ಅಂಕಿಗಳನ್ನು ತುಂಬುವುದು ಶಾಲೆಯವರೇ. ಆದ್ದರಿಂದ ಕಾಗದದಲ್ಲಿ ಇರುವುದನ್ನು ಕಣ್ಣಾರೆ ನೋಡಿ ಹೊಂದಿಸಿಕೊಳ್ಳಬೇಕು.

ಈಗ ಶಿಕ್ಷಕರ ವಿಷಯಕ್ಕೆ ಬರೋಣ. ಜನ ಹೆಚ್ಚು ಮೋಸಹೋಗುವುದು ಇಲ್ಲಿಯೇ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗಳಲ್ಲಿ ತರಗತಿಗೊಬ್ಬ ಶಿಕ್ಷಕರಾದರೂ ಇರಬೇಕು, 35 ಮಕ್ಕಳಿಗೆ ಒಬ್ಬರಂತೆ ಇರಬೇಕು, ಅವರಲ್ಲಿ ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. ಈಗ ಒಂದು ಲೆಕ್ಕ ಹಾಕಿ. ಶಾಲೆಯಲ್ಲಿ 140 ಮಕ್ಕಳು, ಐವರು ಶಿಕ್ಷಕರು. ತಲಾ 28 ಮಕ್ಕಳು, ಕಾಗದದ ಮೇಲೆ ಬಹಳ ಚೆಂದ. ಆದರೆ ತರಗತಿಗಳು ಏಳು. ಐವರಲ್ಲಿ ಒಬ್ಬರು ಮುಖ್ಯ ಶಿಕ್ಷಕರು, ಅವರ ಅರ್ಧ ದಿನ ಬಿಸಿಯೂಟದ ಲೆಕ್ಕ, ಇಲಾಖೆಯ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿ ತುಂಬುವುದು, ಕ್ಷೇತ್ರ ಶಿಕ್ಷಣಾಧಿಕಾರಿ ಅಂದರೆ ಬಿಇಒ ಕಚೇರಿಯ ಸಭೆ ಇವುಗಳಲ್ಲೇ ಕಳೆಯುತ್ತದೆ. ಇನ್ನೊಬ್ಬರು ನಿಯೋಜನೆ ಮೇಲೆ ಬೇರೆ ಕಡೆ ಇದ್ದಾರೆ ಎಂದುಕೊಳ್ಳಿ. ಉಳಿದವರು ಮೂವರು, ತರಗತಿಗಳು ಏಳು. ನಲಿ ಕಲಿಯ ಮೂರು ತರಗತಿ ಒಬ್ಬರಿಗೆ ಹೋದರೆ ಮಿಕ್ಕ ನಾಲ್ಕು ತರಗತಿಗೆ ಇಬ್ಬರು. ಆರನೆಯವರಿಗೆ ಪಾಠ ನಡೆಯುವಾಗ ಏಳನೆಯವರು ಪ್ರಶ್ನೋತ್ತರ ನಕಲು ಮಾಡುತ್ತಾ ಕೂತಿರುತ್ತಾರೆ.

ಹಾಗಾಗಿ ಶಿಕ್ಷಕರು ಎಷ್ಟು ಜನ ಎಂದು ಕೇಳಿ ಸುಮ್ಮನಾಗಬೇಡಿ. ಗೋಡೆಯ ಮೇಲಿನ ವೇಳಾಪಟ್ಟಿ ನೋಡಿ, ಆ ದಿನದ ಮೂರನೇ ಅವಧಿಯಲ್ಲಿ ಏಳನೇ ತರಗತಿಗೆ ಯಾರ ಹೆಸರಿದೆ, ಒಳಗೆ ನಿಂತಿರುವವರು ಯಾರು ಎಂದು ಹೊಂದಿಸಿ. ವಿಜ್ಞಾನ ಮತ್ತು ಗಣಿತ ಕಲಿಸುವವರು ಪದವೀಧರ ಶಿಕ್ಷಕರೇ, ಅತಿಥಿ ಶಿಕ್ಷಕರೇ ಎಂದು ಕೇಳಿ. ಅತಿಥಿ ಶಿಕ್ಷಕರೆಂದರೆ ಕಳಪೆ ಎಂದು ತಿಳಿಯಬೇಡಿ, ಎಷ್ಟೋ ಕಡೆ ಏಳನೇ ತರಗತಿಯ ಗಣಿತ ನಿಂತಿರುವುದೇ ಅವರ ಮೇಲೆ. ತೊಂದರೆ ಎಲ್ಲಿ ಎಂದರೆ, ಅವರ ನೇಮಕವಾಗುವುದು ಶಾಲೆ ಶುರುವಾದ ಮೇಲೆ. ಅಲ್ಲಿಯವರೆಗೆ ಆ ವಿಷಯವನ್ನು ಯಾರು ತೆಗೆದುಕೊಂಡಿದ್ದರು ಎಂಬ ಪ್ರಶ್ನೆಗೆ ಒಳ್ಳೆಯ ಶಾಲೆಯಲ್ಲಿ ಉತ್ತರ ಇರುತ್ತದೆ. ಶಿಕ್ಷಕರನ್ನು ಪಾಠ ಬಿಡಿಸಿ ಕಳಿಸುವ ಬಗ್ಗೆ ಇದೇ ಕಾಯ್ದೆಯ 27ನೇ ಕಲಂ ಸ್ಪಷ್ಟವಾಗಿದೆ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಶಿಕ್ಷಣಕ್ಕೆ ಸಂಬಂಧವಿಲ್ಲದ ಬೇರೆ ಕೆಲಸಕ್ಕೆ ಹಚ್ಚುವಂತಿಲ್ಲ.

ಇನ್ನು ತರಗತಿಯೊಳಗೆ. ಮುಖ್ಯ ಶಿಕ್ಷಕರ ಅನುಮತಿ ಪಡೆದು, ಪಾಠಕ್ಕೆ ಅಡ್ಡಿಯಾಗದಂತೆ ಹೋಗಿ. ನಾಲ್ಕಾರು ಮಕ್ಕಳ ಗಣಿತದ ನೋಟ್‌ಬುಕ್ ಕೇಳಿ ಪಡೆಯಿರಿ, ಅವರಾಗಿ ಆರಿಸಿ ಕೊಟ್ಟದ್ದಲ್ಲ, ಹಿಂದಿನ ಸಾಲಿನಿಂದ ನೀವೇ ಆರಿಸಿದ್ದು. 612ನ್ನು 6ರಿಂದ ಭಾಗಿಸುವ ಲೆಕ್ಕ ಹುಡುಕಿ. ಉತ್ತರ 102. ತುಂಬಾ ಮಕ್ಕಳು 12 ಎಂದು ಬರೆದಿರುತ್ತಾರೆ. ಒಂದರಲ್ಲಿ ಆರು ಹೋಗುವುದಿಲ್ಲವಲ್ಲ ಎಂದು ಮುಂದಿನ ಅಂಕಿಯನ್ನು ಇಳಿಸಿಕೊಳ್ಳುತ್ತಾರೆ, ಮೇಲೆ ಸೊನ್ನೆ ಬರೆಯುವುದನ್ನು ಮರೆಯುತ್ತಾರೆ. ಸ್ಥಾನಬೆಲೆ ಮನಸ್ಸಿಗೆ ಇಳಿದಿಲ್ಲ ಎಂಬುದಕ್ಕೆ ಇದೇ ಗುರುತು. ಈಗ ಕೆಂಪು ಶಾಯಿ ಏನು ಮಾಡಿದೆ ನೋಡಿ. ಆ ತಪ್ಪಿನ ಮೇಲೂ ರೈಟ್ ಗುರುತು ಬಿದ್ದಿದ್ದರೆ ನೋಟ್‌ಬುಕ್ಕನ್ನು ಯಾರೂ ಓದಿಲ್ಲ. ಬರೀ ತಪ್ಪು ಗುರುತು ಇದ್ದರೆ ಓದಿದ್ದಾರೆ, ಕಲಿಸಿಲ್ಲ. ಪಕ್ಕದಲ್ಲಿ ನೂರು, ಹತ್ತು, ಬಿಡಿ ಎಂದು ಗೆರೆ ಎಳೆದು ಬಿಡಿಸಿ, ಅದರ ಕೆಳಗೆ ಮಗು ಅದೇ ಬಗೆಯ ಇನ್ನೆರಡು ಲೆಕ್ಕವನ್ನು ಸರಿಯಾಗಿ ಮಾಡಿದ್ದರೆ, ಆ ಶಾಲೆಯ ಬಗ್ಗೆ ನೀವು ಅರ್ಧ ನಿಶ್ಚಿಂತರಾಗಬಹುದು. ಎಲ್ಲ ಮಕ್ಕಳ ಪುಸ್ತಕದಲ್ಲೂ ಒಂದೇ ಉತ್ತರ, ಒಂದೇ ಕಾಗುಣಿತದ ತಪ್ಪು ಕಂಡರೆ ಅದು ಬೋರ್ಡಿನಿಂದಲೋ ಗೈಡಿನಿಂದಲೋ ಇಳಿಸಿಕೊಂಡದ್ದು. ಅಂಥ ನೋಟ್‌ಬುಕ್ ಎಷ್ಟು ಮುತ್ತಿನಂಥ ಅಕ್ಷರದಲ್ಲಿದ್ದರೂ ಲೆಕ್ಕಕ್ಕಿಲ್ಲ.

ಓದಿನ ಪರೀಕ್ಷೆ ಇನ್ನೂ ಸುಲಭ. 2005ರಿಂದ ನಡೆದು ಬಂದಿರುವ ಅಸರ್ ಸಮೀಕ್ಷೆ ಮಾಡುವುದೂ ಇಷ್ಟೇ: ಎರಡನೇ ತರಗತಿ ಮಟ್ಟದ ಒಂದು ಸಣ್ಣ ಕಥೆ ಓದಿಸುತ್ತಾರೆ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಕೊಡುತ್ತಾರೆ. ಎಚ್ಚರ ಬೇಕಾದ್ದು ಒಂದೇ. ತರಗತಿಯ ಪಠ್ಯಪುಸ್ತಕದಿಂದ ಓದಿಸಬೇಡಿ. ಕೇಳಿ ಕೇಳಿ ಬಾಯಿಪಾಠವಾದ ಪಾಠವನ್ನು ಮಗು ಕಣ್ಣು ಸಾಲಿನ ಮೇಲಿಡದೆಯೂ ರಾಗವಾಗಿ ಹೇಳಿಬಿಡುತ್ತದೆ. ಕೇಳುವವರಿಗೆ ಓದಿದಂತೆಯೇ ಇರುತ್ತದೆ. ಮಗು ನೋಡಿರದ ಮಕ್ಕಳ ಕಥೆಯ ಒಂದು ಪುಟ ಕೊಡಿ. ಒತ್ತಕ್ಷರಗಳಲ್ಲಿ ಎಡವುತ್ತದೆಯೇ ಗಮನಿಸಿ. ‘ಸಂಸ್ಥೆ’ ಎಂದಿರುವುದನ್ನು ‘ಸಂತೆ’ ಎಂದು ಓದಿ ಮುಂದೆ ಹೋದರೆ ಮೊದಲ ಅಕ್ಷರ ನೋಡಿ ಊಹಿಸುತ್ತಿದೆ ಎಂದರ್ಥ. ಕೊನೆಗೆ ಕಥೆಯಲ್ಲಿ ಏನಾಯಿತು ಎಂದು ಕೇಳಿ. ತಡೆದು ತಡೆದು ಓದಿಯೂ ಕಥೆ ಹೇಳುವ ಮಗು, ಸರಾಗವಾಗಿ ಓದಿ ಏನೂ ಹೇಳಲಾಗದ ಮಗುವಿಗಿಂತ ಮುಂದಿದೆ. ಮಗು ಹೆದರಿ ನಿಂತರೆ ಅಲ್ಲಿಗೇ ಬಿಟ್ಟುಬಿಡಿ. ಎಲ್ಲರೆದುರು ಸೋಲಿಸುವ ಹಕ್ಕು ನಮಗಿಲ್ಲ.

ಹಿಂದೆ ಬಿದ್ದ ಮಕ್ಕಳಿಗೆ ಏನು ಮಾಡಿದ್ದಾರೆ ಎಂಬುದಕ್ಕೆ ದಾಖಲೆಯೂ ಇರುತ್ತದೆ. ವರ್ಷದ ಆರಂಭದಲ್ಲಿ ನಡೆಯುವ ಸೇತುಬಂಧದ ಫಲಿತಾಂಶ ಕೇಳಿ. ಮೊದಲು ಕೊರತೆ ಎಲ್ಲಿದೆ ಎಂದು ಗುರುತಿಸುವ ನೈದಾನಿಕ ಪರೀಕ್ಷೆ, ಆಮೇಲೆ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಎರಡೂ ಪರೀಕ್ಷೆಯ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ಒಂದೊಂದೇ ಹೆಸರು ನೋಡಿ. ಮೊದಲನೆಯದರಲ್ಲಿ ಹತ್ತು ಮಕ್ಕಳಿಗೆ ಕಳೆಯುವ ಲೆಕ್ಕ ಬರುತ್ತಿರಲಿಲ್ಲ, ಎರಡನೆಯದರಲ್ಲಿ ಅಷ್ಟೂ ಮಂದಿಗೆ ಪೂರ್ಣ ಅಂಕ ಎಂದಿದ್ದರೆ ಆ ಕಾಗದವನ್ನು ನಾನು ನಂಬುವುದಿಲ್ಲ. ಹತ್ತರಲ್ಲಿ ಆರು ಮಂದಿ ದಾಟಿದರು, ನಾಲ್ವರಿಗೆ ಇನ್ನೂ ಬೇಕು, ಅವರನ್ನು ಪ್ರತಿದಿನ ಇಂಥ ಹೊತ್ತಿನಲ್ಲಿ ಕೂರಿಸಿಕೊಳ್ಳುತ್ತೇವೆ ಎಂದು ಹೇಳುವ ಶಾಲೆ ನಂಬಿಕೆಗೆ ಯೋಗ್ಯ. ಸೋಲನ್ನು ಬರೆದಿಡುವ ಧೈರ್ಯವಿರುವ ಕಡೆ ಮಾತ್ರ ದುರಸ್ತಿ ನಡೆಯುತ್ತದೆ.

ಹತ್ತಿರದ ಪ್ರೌಢಶಾಲೆಗೂ ಒಮ್ಮೆ ಹೋಗಿ ಬನ್ನಿ. ಈ ಶಾಲೆಯಿಂದ ಎಂಟಕ್ಕೆ ಬರುವ ಮಕ್ಕಳು ಹೇಗಿರುತ್ತಾರೆ, ಏಳು ಮುಗಿಸಿದ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ದಾಖಲಾದರು ಎಂದು ಅಲ್ಲಿನ ಶಿಕ್ಷಕರನ್ನು ಕೇಳಿದರೆ ಐದೇ ನಿಮಿಷದಲ್ಲಿ ಬಹಳಷ್ಟು ತಿಳಿಯುತ್ತದೆ.

ಊಟದ ಹೊತ್ತಿಗೆ ಅಲ್ಲಿಯೇ ಇರಿ. ಬಿಸಿಯೂಟದ ಪ್ರಮಾಣ ನಿಗದಿಯಾಗಿದೆ: ಒಂದರಿಂದ ಐದರ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರ ಮಗುವಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ನಮ್ಮ 140 ಮಕ್ಕಳಲ್ಲಿ ಕೆಳಗಿನವರು ನೂರು, ಮೇಲಿನವರು ನಲವತ್ತು ಎಂದಾದರೆ 16 ಕಿಲೋ ಅಕ್ಕಿ, 3 ಕಿಲೋ 200 ಗ್ರಾಂ ಬೇಳೆ, 8 ಕಿಲೋ ತರಕಾರಿ ಒಲೆಗೆ ಹೋಗಬೇಕು. ಎಂಟು ಕಿಲೋ ತರಕಾರಿ ಎಂದರೆ ಸಾಂಬಾರಿನಲ್ಲಿ ಕಣ್ಣಿಗೆ ಕಾಣುವಷ್ಟಿರುತ್ತದೆ. ತಟ್ಟೆಗಳನ್ನು ಎಣಿಸಿ, ಹಾಜರಿ ಪುಸ್ತಕದ ಸಂಖ್ಯೆ, ಅಡುಗೆ ವಹಿಯ ಸಂಖ್ಯೆ ಜೊತೆಗಿಟ್ಟು ನೋಡಿ. ಮೂರೂ ಹೊಂದಬೇಕು. ಹೊಂದದಿದ್ದರೆ ಕಾರಣ ಯಾವಾಗಲೂ ಕಳ್ಳತನವೇ ಆಗಿರಬೇಕಿಲ್ಲ. ಮಕ್ಕಳ ಸಂಖ್ಯೆ ಕುಸಿದರೆ ಶಿಕ್ಷಕರು ಹೆಚ್ಚುವರಿ ಎಂದಾಗಿ ಬೇರೆಡೆಗೆ ಹೋಗಬೇಕಾಗುತ್ತದೆ, ಆ ಭಯಕ್ಕೆ ಖಾಸಗಿ ಶಾಲೆಗೆ ಹೋದ ಮಗುವಿನ ಹೆಸರು ಇಲ್ಲಿಯೂ ಉಳಿದುಬಿಡುತ್ತದೆ. ಕಾರಣ ಏನೇ ಇರಲಿ, ಹಾಜರಿಯೇ ಸುಳ್ಳಾದ ಮೇಲೆ ಆ ಶಾಲೆಯ ಬೇರೆ ಯಾವ ಅಂಕಿಯನ್ನೂ ನಂಬಲಾಗದು.

ಶೌಚಾಲಯ ಇದೆಯೇ ಎಂದು ಕೇಳಬೇಡಿ, ಇದ್ದೇ ಇರುತ್ತದೆ. ಬಾಗಿಲಿಗೆ ಬೀಗ ಬಿದ್ದಿದೆಯೇ, ಒಳಗೆ ನಲ್ಲಿಯಲ್ಲಿ ನೀರು ಬರುತ್ತದೆಯೇ, ಹುಡುಗಿಯರ ಕಡೆ ಒಳಚಿಲಕ ಸರಿಯಿದೆಯೇ ನೋಡಿ. ಆರು, ಏಳನೇ ತರಗತಿಯ ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಶಾಲೆ ತಪ್ಪಿಸುವುದು ಈ ಚಿಲಕದ ಕಾರಣಕ್ಕೇ ಎಂಬ ಮಾತನ್ನು ಪುರುಷ ಶಿಕ್ಷಕರ ಮುಂದೆ ಅವರು ಹೇಳುವುದಿಲ್ಲ, ತಾಯಂದಿರೇ ಕೇಳಿ ತಿಳಿಯಬೇಕು. ಕೊಳಕಿಗೆ ಕಾರಣವೂ ಲೆಕ್ಕದಲ್ಲಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿವರೆಗೆ ಅನುದಾನ, ಅದರಲ್ಲಿ ಸ್ವಚ್ಛತೆಗೆ ಕನಿಷ್ಠ ಶೇ 10, ಅಂದರೆ 5,000. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 500 ರೂಪಾಯಿ. ಅಷ್ಟಕ್ಕೆ ದಿನವೂ ತೊಳೆಯುವವರು ಸಿಗುವುದಿಲ್ಲ. ಗ್ರಾಮ ಪಂಚಾಯಿತಿಯನ್ನೋ ದಾನಿಗಳನ್ನೋ ಹಿಡಿದು ಈ ಕೊರತೆ ತುಂಬಿಸಿಕೊಂಡಿರುವ ಮುಖ್ಯ ಶಿಕ್ಷಕರಿದ್ದರೆ ಅದೊಂದೇ ಅವರ ಕೆಲಸಕ್ಕೆ ಸಾಕ್ಷಿ. ಕುಡಿಯುವ ನೀರನ್ನು ಮಾತ್ರ ಕಣ್ಣಿನಿಂದ ಅಳೆಯಲಾಗದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂಥ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್ ಪರೀಕ್ಷೆಯ ವರದಿ ಕೇಳಿ. ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕ ಮಿತಿ, ಬೇರೆ ನೀರೇ ಇಲ್ಲದಿದ್ದಾಗ 1.5.

ಸ್ಮಾರ್ಟ್ ಬೋರ್ಡು, ಕಂಪ್ಯೂಟರ್ ಇದೆ ಎಂಬುದಕ್ಕೆ ನಾನು ಅಂಕ ಕೊಡುವುದಿಲ್ಲ. ಗ್ರಂಥಾಲಯದ ವಿತರಣಾ ವಹಿಗೆ ಕೊಡುತ್ತೇನೆ. ಮಕ್ಕಳ ಹೆಸರಿನ ಮುಂದೆ ಬೇರೆ ಬೇರೆ ತಾರೀಕಿದ್ದು, ಪುಸ್ತಕಗಳ ಮೂಲೆ ಮಡಚಿ ಸವೆದಿದ್ದರೆ ಅಲ್ಲಿ ಓದು ನಡೆಯುತ್ತಿದೆ.

ಕೊರತೆ ಕಂಡರೆ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಎತ್ತಿ. ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ನಡಾವಳಿ ಪುಸ್ತಕ ತಿರುವಿ ನೋಡಿ. ಎಲ್ಲ ಸಭೆಗೂ ಒಂದೇ ಪೆನ್ನಿನ ಸಹಿಗಳು, ಬರೀ ಬಿಲ್ಲು ಮಂಜೂರಾತಿ ಎಂದರೆ ಸಭೆ ನಡೆದಿಲ್ಲ. ಗಣಿತ ಶಿಕ್ಷಕರ ಹುದ್ದೆ ಖಾಲಿ ಎಂಬ ನಿರ್ಣಯ, ಅದನ್ನು ಬಿಇಒಗೆ ಕಳಿಸಿದ ಪತ್ರದ ಪ್ರತಿ, ಮುಂದಿನ ಸಭೆಯಲ್ಲಿ ಅದರ ಉತ್ತರದ ಚರ್ಚೆ, ಹೀಗೆ ಒಂದಕ್ಕೊಂದು ಕೊಂಡಿ ಇದ್ದರೆ ಆ ಸಮಿತಿಗೆ ಜೀವವಿದೆ.

ಯಾವಾಗ ಹೋಗಬೇಕು ಎಂಬುದೂ ಮುಖ್ಯ. ಜೂನ್ ಮೊದಲ ವಾರ ದಾಖಲಾತಿಯ ಗಡಿಬಿಡಿ, ಆಗಸ್ಟ್ ಎರಡನೇ ವಾರ ಸ್ವಾತಂತ್ರ್ಯ ದಿನದ ತಯಾರಿ, ಆಗ ಹೋದರೆ ಪಾಠ ಕಾಣುವುದಿಲ್ಲ. ಮಗುವನ್ನು ಮುಂದಿನ ವರ್ಷ ಸೇರಿಸುವ ಯೋಚನೆಯಿದ್ದರೆ ಜನವರಿ, ಫೆಬ್ರುವರಿಯಲ್ಲಿ, ಯಾವುದೇ ಸಾಮಾನ್ಯ ದಿನ, ಪ್ರಾರ್ಥನೆಯಿಂದ ಊಟದವರೆಗೆ ಇದ್ದು ನೋಡಿ. ನೋಡಿ ತೀರ್ಮಾನಿಸಿದ ಮೇಲೆ ಹಳೆಯ ಶಾಲೆಯವರು ಟಿ.ಸಿ. ಕೊಡಲು ಸತಾಯಿಸಿದರೆ ಹೆದರಬೇಡಿ. ಒಂದು ಶಾಲೆಯಿಂದ ಸರ್ಕಾರಿ ಶಾಲೆಗೆ ಹೋಗುವ ಮಗುವಿಗೆ ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆಯವರು ಪ್ರವೇಶ ನಿಲ್ಲಿಸುವಂತಿಲ್ಲ ಎಂದು ಕಾಯ್ದೆಯ 5ನೇ ಕಲಂ ಹೇಳುತ್ತದೆ. ಆ ಕಲಂನ ಪ್ರತಿಯೊಂದನ್ನು ಜೊತೆಗಿಟ್ಟುಕೊಂಡು ಹೋಗಿ.

ನಮಸ್ಕಾರ.