ಮಾತ್ರೆ ಯಾಕೆ ತಗೊಳ್ಳಲ್ಲ? ಉತ್ತರ ಹುಡುಕೋಕೆ ಒಂದು ಪುಸ್ತಕ, ಎರಡು ಕಾಲಂ

ನಮಸ್ಕಾರ. "ಎಷ್ಟು ಹೇಳಿದ್ರೂ ಮಾತ್ರೆ ತಗೊಳ್ಳಲ್ಲ ಕಣ್ರೀ." ಬಿಪಿ ಇರೋ ಅಪ್ಪನ ಬಗ್ಗೆ, ಶುಗರ್ ಇರೋ ಅತ್ತೆ ಬಗ್ಗೆ ಈ ಮಾತು ಕೇಳದ ಮನೆ ಕಮ್ಮಿ. ಯಾಕೆ ತಗೊಳ್ಳಲ್ಲ ಅಂತ ಅವರನ್ನೇ ಕೇಳೋದು ಹೇಗೆ? ಅದನ್ನ ಕಲಿಯೋಕೆ ಹತ್ತು ಪುಸ್ತಕ ಬೇಡ, ಒಂದನ್ನ ಸರಿಯಾಗಿ ಓದಿದ್ರೆ ಸಾಕು: ಆನ್ ಫ್ಯಾಡಿಮನ್ ಬರೆದ 'ದಿ ಸ್ಪಿರಿಟ್ ಕ್ಯಾಚಸ್ ಯು ಅಂಡ್ ಯು ಫಾಲ್ ಡೌನ್', 1997.

[ಪರದೆ: ಕ್ಯಾಲಿಫೋರ್ನಿಯಾ ನಕ್ಷೆ, ಮರ್ಸೆಡ್]

ಇದು ನಿಜವಾಗಿ ನಡೆದ ಕಥೆ. ಲಾವೋಸ್ ದೇಶದಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ನಿರಾಶ್ರಿತರಾಗಿ ಬಂದ, ಮಾಂಗ್ ಅನ್ನೋ ಜನಾಂಗದ ಒಂದು ಕುಟುಂಬ. 1982ರಲ್ಲಿ ಹುಟ್ಟಿದ ಲಿಯಾ ಲೀಗೆ ಮೂರು ತಿಂಗಳಿಗೇ ಫಿಟ್ಸ್ ಶುರು. ಅಕ್ಕ ಬಾಗಿಲು ಧಡಾರ್ ಅಂತ ಹಾಕಿದಾಗ ಮಗುವಿನ ಆತ್ಮ ಬೆದರಿ ಓಡಿಹೋಯ್ತು ಅಂತ ಮನೆಯವರು. ಎಪಿಲೆಪ್ಸಿ, ಅಂದ್ರೆ ಮೂರ್ಛೆ ರೋಗ, ಅಂತ ವೈದ್ಯರು. ನಾಲ್ಕು ವರ್ಷದೊಳಗೆ ಔಷಧಿ ಚೀಟಿ 23 ಸಲ ಬದಲಾಯ್ತು. ತಂದೆತಾಯಿಗೆ ಓದು ಬರಹ ಬರ್ತಿರಲಿಲ್ಲ. ಮೇಲಾಗಿ, ಮಗು ಕೆಡ್ತಿರೋದೇ ಈ ಔಷಧಿಯಿಂದ ಅನ್ನೋ ಅನುಮಾನ ಬೇರೆ. ರಕ್ತದಲ್ಲಿ ಔಷಧಿ ಮಟ್ಟ ಕಮ್ಮಿ ಬಂತು, ಅಂದ್ರೆ ಮನೇಲಿ ಸರಿಯಾಗಿ ಕೊಡ್ತಿರಲಿಲ್ಲ. ಅದಕ್ಕೇ 1985ರಲ್ಲಿ ಸರ್ಕಾರದವರು ಮಗುವನ್ನ ತಂದೆತಾಯಿಯಿಂದ ಬಿಡಿಸಿ ಬೇರೆಯವರ ಮನೇಲಿ ಇಟ್ರು.

ಈಗ ನೋಟ್‌ಬುಕ್ ತೆಗೀರಿ. ಹಾಳೆ ಮಧ್ಯೆ ಒಂದು ಗೆರೆ. ಎಡಕ್ಕೆ 'ರೋಗ': ವೈದ್ಯರು ಕಂಡದ್ದು. ಬಲಕ್ಕೆ 'ಬೇನೆ': ಮನೆಯವರು ಅನುಭವಿಸಿದ್ದು. ಪುಸ್ತಕದಲ್ಲಿ ಲಿಯಾ ಕಥೆ ಒಂದಷ್ಟು, ಮಾಂಗ್ ಜನರ ಇತಿಹಾಸ ಒಂದಷ್ಟು, ಹೀಗೆ ಅಧ್ಯಾಯಗಳು ಹೆಣೆದುಕೊಂಡು ಬರುತ್ತೆ. ಇತಿಹಾಸದ ಭಾಗ ಹಾರಿಸಿ ಓದಬೇಡಿ. ಹಾರಿಸಿದ್ರೆ ಬಲಗಡೆ ಖಾಲಿ ಉಳಿಯುತ್ತೆ, ತಂದೆತಾಯಿ ಬರೀ ಮೊಂಡರ ಥರ ಕಾಣ್ತಾರೆ.

ಇನ್ನೊಂದು ಎಡವಟ್ಟು, ತಪ್ಪು ಯಾರದು ಅಂತ ಹುಡುಕ್ತಾ ಓದೋದು. 1986ರ ನವೆಂಬರ್‌ನಲ್ಲಿ ನಿಲ್ಲದ ಫಿಟ್ಸ್, ಜೊತೆಗೆ ಸೆಪ್ಟಿಕ್ ಶಾಕ್, ಅಂದ್ರೆ ಸೋಂಕು ಮೈಯೆಲ್ಲ ಹರಡಿ ಬಿಪಿ ಕುಸಿಯೋದು. ಮೆದುಳು ಚೇತರಿಸಿಕೊಳ್ಳಲೇ ಇಲ್ಲ. ಸೋಂಕು ಇಷ್ಟು ಏರೋಕೆ ಫಿಟ್ಸ್‌ಗೆ ಕೊಟ್ಟ ಔಷಧಿಯೇ ದಾರಿ ಮಾಡಿರಬಹುದು ಅನ್ನೋ ಸಾಧ್ಯತೆ ಪುಸ್ತಕದ ಕೊನೆ ಕಡೆ ಬರುತ್ತೆ. ಅಲ್ಲಿವರೆಗೆ ನೀವು ಕೊಟ್ಟ ತೀರ್ಪೆಲ್ಲ ಅಲುಗಾಡುತ್ತೆ. ಹಾಗಾಗಿ ತೀರ್ಪನ್ನ ಪೆನ್ಸಿಲಲ್ಲಿ ಬರೀರಿ.

[ಪರದೆ: 8 ಪ್ರಶ್ನೆ]

ಪುಸ್ತಕದಲ್ಲಿ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬರೋದು, ಮನೋವೈದ್ಯ ಮತ್ತು ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ರೂಪಿಸಿದ ಎಂಟು ಪ್ರಶ್ನೆ. ಈ ಕಾಯಿಲೆಗೆ ನೀವು ಏನಂತ ಕರೀತೀರಿ? ಯಾಕೆ ಬಂತು? ಆಗಲೇ ಯಾಕೆ ಬಂತು? ಅದು ಮೈಗೆ ಏನು ಮಾಡುತ್ತೆ? ಎಷ್ಟು ಜೋರು, ಎಷ್ಟು ದಿನ ಇರುತ್ತೆ? ಎಂಥ ಚಿಕಿತ್ಸೆ ಬೇಕು, ಅದರಿಂದ ಏನಾಗಬೇಕು? ಇದರಿಂದ ಏನೇನು ತೊಂದರೆ ಆಗಿದೆ? ಯಾವುದಕ್ಕೆ ಹೆದರಿಕೆ?

ಇವನ್ನ ಲಿಯಾಳ ತಂದೆತಾಯಿಗೆ ಕೇಳಿದ್ದಿದ್ರೆ ಏನಂತಿದ್ರು ಅಂತ ಲೇಖಕಿ ಬರೀತಾರೆ: ಔಷಧಿ ಒಂದು ವಾರ ಸಾಕು, ಜೊತೆಗೆ ಹಂದಿ ಕೋಳಿ ಬಲಿಯೂ ಆಗಬೇಕು. ಮಗು ಆರೋಗ್ಯವಾಗಿರಲಿ; ಆದ್ರೆ ನಡುಕ ಪೂರ್ತಿ ನಿಲ್ಲಬೇಕಾ ಅನ್ನೋದು ಮಾತ್ರ ಅವರಿಗೇ ಗೊತ್ತಿಲ್ಲ. ಯಾಕಂದ್ರೆ ಅದು ಬಂದವರು ಮುಂದೆ ಶಾಮನ್, ಅಂದ್ರೆ ನಮ್ಮಲ್ಲಿನ ದೇವರು ಬರೋ ಪೂಜಾರಿ ಥರದವರು, ಆಗಬಹುದು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡೋ, ಗಾಳಿ ಸೋಕಿದೆ ಅನ್ನೋ ನಮಗೆ ಇದು ತೀರಾ ದೂರದ ಮಾತೇನಲ್ಲ. (ಬೀಗದ ಕೈಯಿಂದ ಫಿಟ್ಸ್ ನಿಲ್ಲಲ್ಲ. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, 5 ನಿಮಿಷ ದಾಟಿದ್ರೆ 108ಕ್ಕೆ ಫೋನ್ ಮಾಡಿ.)

ಮನೆಯಲ್ಲಿ ಎಂಟನ್ನೂ ಒಟ್ಟಿಗೆ ಕೇಳಬೇಡಿ, ಪೊಲೀಸ್ ವಿಚಾರಣೆ ಥರ ಆಗುತ್ತೆ. ಕಾಫಿ ಹೊತ್ತಲ್ಲಿ ಒಂದೇ ಕೇಳಿ: "ಅತ್ತೆ, ಈ ಮಾತ್ರೆ ಅಂದ್ರೆ ನಿಮಗೇನು ಭಯ?" "ಕಿಡ್ನಿ ಹೋಗುತ್ತಂತೆ" ಅಂದ್ರೆ, ತಕ್ಷಣ "ಹಾಗೇನಿಲ್ಲ" ಅನ್ನಬೇಡಿ, ಅಂದ ತಕ್ಷಣ ಮಾತು ಅಲ್ಲಿಗೇ ನಿಲ್ಲುತ್ತೆ. ಯಾರು ಹೇಳಿದ್ರು, ಯಾರಿಗೆ ಹಾಗಾಯ್ತು ಅಂತ ಕೇಳಿ, ಅವರ ಮಾತಲ್ಲೇ ಬಲಗಡೆ ಕಾಲಂನಲ್ಲಿ ಬರ್ಕೊಳ್ಳಿ. ಮುಂದಿನ ಸಲ ಡಾಕ್ಟರ್ ಹತ್ರ ಹೋಗುವಾಗ ಮಾತ್ರೆ ಚೀಟಿ ಜೊತೆ ಆ ಹಾಳೆಯನ್ನೂ ತಗೊಂಡು ಹೋಗಿ.