ಟ್ರೆಡ್‌ಮಿಲ್ಲಿಗೆ ಮೊದಲು ಪವರ್ ಪಾಯಿಂಟ್ ಹುಡುಕಿ

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ನಮ್ಮ ಮನೆಗೆ ಟ್ರೆಡ್‌ಮಿಲ್ ಬಂತು. ವಿಜಯನಗರದಲ್ಲಿ ನಮ್ಮದು ಹಳೇ ಮನೆ. ಸಂಜೆ ಪಾರ್ಕಿಗೆ ಅಂತ ಚಪ್ಪಲಿ ಮೆಟ್ಟುವ ಹೊತ್ತಿಗೇ ಮಳೆ ಹಿಡಿದುಕೊಳ್ಳುತ್ತಿತ್ತು. ಡಾಕ್ಟರು ಬೇರೆ ದಿನಾ ಅರ್ಧ ಗಂಟೆ ನಡೆಯಲೇಬೇಕು ಅಂದಿದ್ದರು. ಮಷೀನ್ ತಂದ ಹುಡುಗರು ‘ಎಲ್ಲಿ ಇಡೋದು ಸರ್?’ ಅಂದಾಗ ಟಿವಿ ಮುಂದೆ ಕೈ ತೋರಿಸಿದೆ. ನಡೆಯುತ್ತಾ ನ್ಯೂಸ್ ನೋಡಬಹುದು, ಅಲ್ವಾ?

ಎಡವಿದ್ದು ಅಲ್ಲೇ. ಟ್ರೆಡ್‌ಮಿಲ್ಲಿನದು ದಪ್ಪ ಪಿನ್ನಿನ 16 ಆಂಪಿಯರ್ ಪ್ಲಗ್. ಟಿವಿ ಗೋಡೆಯಲ್ಲಿದ್ದದ್ದು 6 ಆಂಪಿಯರಿನ ಸಣ್ಣ ಸಾಕೆಟ್. ದಪ್ಪ ಪಿನ್ ಸಣ್ಣ ತೂತಿಗೆ ಹೋಗದ ಹಾಗೆ ಮಾಡಿರುವುದೇ ನಮ್ಮನ್ನು ತಡೆಯಲಿಕ್ಕೆ. ನಾನು ಒಂದು ಕನ್ವರ್ಟರ್ ಪ್ಲಗ್ಗು, ಒಂದು ಎಕ್ಸ್‌ಟೆನ್ಷನ್ ಬಾಕ್ಸು ತಂದು ಅದರ ಬಾಯಿ ಮುಚ್ಚಿಸಿದೆ. ಉಳಿದ ವೈರನ್ನು ನೀಟಾಗಿ ಸುತ್ತಿ ಸೋಫಾ ಕೆಳಗೆ ತಳ್ಳಿದೆ. ಸುತ್ತಿಟ್ಟ ವೈರಿನ ಬಿಸಿ ಹೊರಗೆ ಹೋಗುವುದಿಲ್ಲ ಅಂತ ಆಗ ಹೊಳೆಯಲೇ ಇಲ್ಲ.

ನಾಲ್ಕನೇ ದಿನ ಪ್ಲಾಸ್ಟಿಕ್ ಸುಟ್ಟ ವಾಸನೆ. ಅಡುಗೆಮನೆಯಲ್ಲಿ ಏನೋ ತಳ ಹಿಡಿದಿದೆ ಅಂದುಕೊಂಡೆ. ಮುಟ್ಟಿದರೆ ಬಾಕ್ಸು ಕಾದ ಕಾವಲಿ ಹಾಗೆ! ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತು ನೋಡಿದೆ. ಬಾಕ್ಸಿನ ಒಂದು ತೂತಿನ ಅಂಚು ಕಂದಾಗಿ, ಒಳಕ್ಕೆ ಸುರುಟಿಕೊಂಡಿತ್ತು.

ಲೆಕ್ಕ ಸುಲಭ. ಟ್ರೆಡ್‌ಮಿಲ್ಲಿನ ಮೇಲೆ ‘ಪೀಕ್’ ಹಾರ್ಸ್‌ಪವರ್ ಅಂತ ದೊಡ್ಡ ಅಂಕಿ ಬರೆದಿರುತ್ತಾರೆ. ಅದು ಜಾಹೀರಾತಿಗೆ. ನೀವು ‘ಕಂಟಿನ್ಯೂಯಸ್’, ಅಂದರೆ ಬಿಡದೆ ಓಡುವಾಗಿನ ಅಂಕಿ ನೋಡಿ. ಒಂದು ಹಾರ್ಸ್‌ಪವರ್ ಅಂದರೆ 746 ವ್ಯಾಟ್. ಎರಡಾದರೆ ಸುಮಾರು 1500. ನಮ್ಮ 230 ವೋಲ್ಟಿನಲ್ಲಿ ಅದಕ್ಕೇ ಆರೂವರೆ ಆಂಪಿಯರ್ ಬೇಕು. 6 ಆಂಪಿಯರಿನ ಸಾಕೆಟ್ ಅಲ್ಲಿಗೇ ಮುಗಿಯಿತು. ಜೊತೆಗೆ ನಾವು ಒಂದೊಂದು ಹೆಜ್ಜೆ ಊರಿದಾಗಲೂ ಬೆಲ್ಟು ಹಲಗೆಗೆ ಒತ್ತಿ, ಮೋಟಾರು ಇನ್ನೂ ಜಾಸ್ತಿ ಎಳೆಯುತ್ತದೆ.

ಎಲೆಕ್ಟ್ರಿಷಿಯನ್ ಬಂದವರು ಮೊದಲು ಮಷೀನ್ ನೋಡಲೇ ಇಲ್ಲ, ಸಾಕೆಟ್ಟಿನ ಮುಚ್ಚಳ ಬಿಚ್ಚಿದರು. ಮೇಲಿನ ದೊಡ್ಡ ತೂತಿನ ಹಿಂದೆ, ಅಂದರೆ ಅರ್ತಿಂಗ್ ಇರಬೇಕಾದ ಕಡೆ, ವೈರೇ ಇಲ್ಲ! ಇಷ್ಟು ವರ್ಷ ಹೆಸರಿಗೆ ಮೂರು ತೂತು. ಟ್ರೆಡ್‌ಮಿಲ್ಲಿನ ಕಬ್ಬಿಣದ ಚೌಕಟ್ಟಿಗೆ ಒಳಗಿನ ಕರೆಂಟು ತಾಗಿದರೆ ಅದು ಹೋಗುವ ದಾರಿ ಆ ಮೂರನೇ ವೈರು. ಅದಿಲ್ಲದಿದ್ದರೆ ಬೆವರು ಕೈಯಲ್ಲಿ ಕಂಬಿ ಹಿಡಿದ ನಾವೇ ದಾರಿ. ನಿಮ್ಮ ಮನೆಯಲ್ಲೂ ಮೀಟರ್ ಹಿಡಿದು ತೋರಿಸಿ ಅನ್ನಿ. ಫೇಸಿನಿಂದ, ಅಂದರೆ ಕರೆಂಟು ಬರುವ ವೈರಿನಿಂದ, ಅರ್ತಿಗೂ 230 ವೋಲ್ಟಿನ ಹತ್ತಿರ ಬರಬೇಕು.

ಕೊನೆಗೆ ಮೇನ್ ಬೋರ್ಡಿನಿಂದಲೇ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಬಂತು. ಅದಕ್ಕೊಂದು ಬೇರೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು), 16 ಆಂಪಿಯರಿನ ಸಾಕೆಟ್. ಮೇನಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು. ಎಂಸಿಬಿ ಇದ್ದಮೇಲೆ ಇನ್ನೊಂದು ಯಾಕೆ ಅಂತ ನಾನು ಚೌಕಾಸಿಗೆ ಇಳಿದೆ. ‘ಎಂಸಿಬಿ ವೈರು ಕಾಯುತ್ತೆ ಸರ್, ಇದು ನಿಮ್ಮನ್ನ ಕಾಯುತ್ತೆ’ ಅಂದರು. ಸುಮ್ಮನಾದೆ.

ಯುಪಿಎಸ್ ಲೈನಿಗೆ ಮಾತ್ರ ಸೇರಿಸಬೇಡಿ. ಫ್ಯಾನು, ಲೈಟಿಗೆ ಇಟ್ಟ ಯುಪಿಎಸ್ ಇದನ್ನು ಎಳೆಯುವುದಿಲ್ಲ. ಅಪಾರ್ಟ್‌ಮೆಂಟ್ ಜನರೇಟರಿನಲ್ಲೂ ಮನೆಗಿಷ್ಟು ಅಂತ ಮಿತಿ ಇರುತ್ತದೆ, ವಿಚಾರಿಸಿಕೊಳ್ಳಿ. ಬೆಲ್ಟು ಒಣಗಿದರೂ ಮೋಟಾರು ಜಾಸ್ತಿ ಕರೆಂಟು ಎಳೆಯುತ್ತದೆ. ಅದಕ್ಕೆ ಸಿಲಿಕೋನ್ ಎಣ್ಣೆಯೇ ಆಗಬೇಕು. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಹಾಕಬೇಡಿ!

ಈಗ ಟ್ರೆಡ್‌ಮಿಲ್ ಹಿಂದಿನ ಕೋಣೆಯಲ್ಲಿದೆ. ಕಾಲು ಜಾರಿದರೆ ಹಿಂದಕ್ಕೇ ಎಸೆಯುತ್ತದಲ್ಲ, ಅದಕ್ಕೆ ಹಿಂದೆ ಆರು ಅಡಿ ಖಾಲಿ ಬಿಟ್ಟಿದ್ದೇವೆ. ಟಿವಿ ಇಲ್ಲ, ಎದುರಿಗೆ ಬರೀ ಗೋಡೆ. ನಡೆಯುವಾಗ, ಕಿತ್ತುಬಂದರೆ ಮಷೀನ್ ನಿಲ್ಲಿಸುವ ಕೆಂಪು ಸೇಫ್ಟಿ ಕೀಯ ದಾರವನ್ನು ಅಂಗಿಗೆ ಸಿಕ್ಕಿಸಿಕೊಳ್ಳುತ್ತೇನೆ. ಮುಗಿದ ಮೇಲೆ ಗೋಡೆಯ ಸ್ವಿಚ್ ಆಫ್. ಕೀ ಫ್ರಿಜ್ಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಹಿಂದೆ. ನಾಲ್ಕು ವರ್ಷದ ಮೊಮ್ಮಗ ಇನ್ನೂ ಸೋಫಾ ಕೆಳಗೇ ಹುಡುಕುತ್ತಿದ್ದಾನೆ.