ಗೋಡೆ ಏರಿದ ಚಂದ್ರಿಕೆ

ನಮಸ್ಕಾರ ಕೇಳುಗರೇ. ಇವತ್ತು ಮನೆ ಸಿಂಗಾರದ ಮಾತು. ಅದೂ ಬೆಂಗಳೂರಿನ ಫ್ಲ್ಯಾಟುಗಳ ಸಿಂಗಾರ. ಚಿಕ್ಕಬಳ್ಳಾಪುರದಲ್ಲಿ ಕೂತು ಆ ಊರಿನ ಉಸಾಬರಿ ಯಾಕೆ ಅಂತೀರಾ? ನಮ್ಮ ಮಕ್ಕಳು ಮರಿ ಅಲ್ಲಿದ್ದಾರೆ, ನಮ್ಮ ಅಟ್ಟದ ಸಾಮಾನೂ ಈಗ ಅಲ್ಲಿಗೇ ಹೊರಟಿದೆ, ಅದಕ್ಕೆ.

ಅಲ್ಲಿನ ಕೆಫೆಗಳಲ್ಲಿ ಗೋಡೆ ಮೇಲೆ ನಮ್ಮ ಚಂದ್ರಿಕೆ, ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ಚಾಪೆ, ತೂಗುಹಾಕಿರುವುದನ್ನು ನೀವೂ ನೋಡಿರಬಹುದು. ಹೌದು, ಶಿಡ್ಲಘಟ್ಟದ ಬೀದಿಗಳಲ್ಲಿ ಮನೆ ಮುಂದೆ ಒರಗಿಸಿಡುತ್ತಿದ್ದ ಅದೇ ಬಿದಿರಿನ ಚಂದ್ರಿಕೆ, ನಮ್ಮವರ ಬಾಯಲ್ಲಿ ಚಂದ್ರಂಕಿ. ಸುಮಾರು 6 ಅಡಿ ಉದ್ದ, 4 ಅಡಿ ಅಗಲದ ಚಾಪೆ. ಅದರ ಮೇಲೆ ಸುತ್ತು ಸುತ್ತಾಗಿ ನಿಲ್ಲಿಸಿದ ಬಿದಿರಿನ ಪಟ್ಟಿ. ಹಿಪ್ಪುನೇರಳೆ ಸೊಪ್ಪು ತಿಂದು ಹಣ್ಣಾದ, ಅಂದರೆ ಗೂಡು ಕಟ್ಟೋಕೆ ತಯಾರಾದ ಹುಳುಗಳನ್ನು ಆರಿಸಿ ಇದರ ಮೇಲೆ ಬಿಟ್ಟರೆ, ಆ ಸುತ್ತುಗಳ ಸಂದಿಯಲ್ಲೇ ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಸುತ್ತವೆ. ಈಗ ಇದೇ ಕೆಲಸಕ್ಕೆ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ. ಮಡಚಿಡಬಹುದು, ತೊಳೆಯೋದು ಸುಲಭ. ಹಾಗಾಗಿ ಹಳೆಯವು ಎಷ್ಟೋ ಶೆಡ್ಡುಗಳ ಮೂಲೆ ಸೇರಿವೆ.

ಇದು ಗೋಡೆ ಏರಿದ್ದಕ್ಕೆ ನನ್ನದೇನೂ ತಕರಾರಿಲ್ಲ. ಚೆನ್ನಾಗೇ ಕಾಣುತ್ತದೆ. ಆದರೆ ಒಂದು ಸಲ ಮೊಳೆ ಹೊಡೆದು ನೇತುಹಾಕಿದರೆ ಮುಗಿಯಿತು, ವರ್ಷವಿಡೀ ಧೂಳು ತಿನ್ನುತ್ತಾ ಹಾಗೇ ಇರುತ್ತದೆ ನೋಡಿ, ಅದು ನನಗೆ ಹಿಡಿಸಲ್ಲ. ಪ್ರತಿ ಹಬ್ಬಕ್ಕೂ ಹೊಸ ಅಲಂಕಾರದ ಸಾಮಾನು ತಂದು ಗುಡ್ಡೆ ಹಾಕುವ ಬದಲು ಈ ಒಂದನ್ನೇ ಕಾಲಕ್ಕೆ ತಕ್ಕಂತೆ ಬದಲಾಯಿಸಬಹುದು, ಅಲ್ವಾ? ಯುಗಾದಿಗೆ ಸುತ್ತುಗಳ ಸಂದಿಗೆ ಮಾವಿನೆಲೆ, ಬೇವಿನ ಹೂವು ಸಿಕ್ಕಿಸಿ. ಅಂಟು ಬೇಡ, ದಾರ ಬೇಡ, ಬಿದಿರೇ ಹಿಡಿದುಕೊಳ್ಳುತ್ತದೆ. ದಸರಾಗೆ ಗೋಡೆಯಿಂದ ಇಳಿಸಿ ಗೊಂಬೆ ಮೆಟ್ಟಿಲ ಹಿಂದೆ ನಿಲ್ಲಿಸಿ. ಪಟ್ಟದ ಗೊಂಬೆ, ಅದೇ ಕೆಂಪು ಮರದ ರಾಜ-ರಾಣಿ ಜೋಡಿ, ಆ ಕಂದು ಬಿದಿರಿನ ಮುಂದೆ ಎದ್ದು ಕಾಣುತ್ತದೆ, ಮಿನುಗೋ ಪ್ಲಾಸ್ಟಿಕ್ ಪರದೆ ಮುಂದೆ ಕಾಣಲ್ಲ. ದೀಪಾವಳಿಗೆ ಬ್ಯಾಟರಿಯ ಸಣ್ಣ ಬಲ್ಬಿನ ಸರವನ್ನು ಸುತ್ತಿನ ದಾರಿಯಲ್ಲೇ ಹರಿಸಿ. ಎಣ್ಣೆ ದೀಪ ಮಾತ್ರ ಹತ್ತಿರ ಬೇಡ, ಒಣ ಬಿದಿರು. ಸಿಂಗಾರಕ್ಕೆ ಹೂವು ಬೇಕಾದರೆ, ಸೇವಂತಿಗೆಯಂತೂ ನಮ್ಮ ಕಡೆಯದೇ. ಮಕ್ಕಳನ್ನು ನೋಡೋಕೆ ಬಸ್ ಹತ್ತುವಾಗ ಒಂದೆರಡು ಮಾರು ಕಟ್ಟಿಸಿಕೊಂಡು ಹೋಗಿ.

ಹಳೆಯದು ಬೇಕು ಅಂದಕೂಡಲೇ ಹಳೆಯದರ ಹಾಗೆ ಮಾಡಿದ ಹೊಸದನ್ನು ತಲೆಗೆ ಕಟ್ಟುವವರು ಇದ್ದೇ ಇರುತ್ತಾರೆ. ನಿಜವಾಗಿ ದುಡಿದ ಚಂದ್ರಿಕೆಯನ್ನು ಬೆಳಕಿಗೆ ಹಿಡಿದು ನೋಡಿ. ಗೂಡು ಬಿಡಿಸಿದ ಮೇಲೆ ಅಂಟಿಕೊಂಡ ನೂಲಿನ ಎಳೆಗಳನ್ನು ಬೆಂಕಿ ತೋರಿಸಿ ಸುಡುತ್ತಾರೆ, ಹಾಗಾಗಿ ಪಟ್ಟಿಯ ಅಂಚಿನಲ್ಲಿ ಅಲ್ಲಲ್ಲಿ ಕಪ್ಪು ಸುಟ್ಟ ಗುರುತು ಇರುತ್ತದೆ. ಬಳಿದ ಬಣ್ಣದಲ್ಲಿ ಆ ಅಡ್ಡಾದಿಡ್ಡಿ ಬರಲ್ಲ. ಬುಡದಲ್ಲಿ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಕೊರೆಯುವ ಹುಳು ಇನ್ನೂ ಇದೆ ಅಂತ ಅರ್ಥ. ಅದನ್ನು ಮನೆಯೊಳಗೆ ತಂದರೆ ಪಕ್ಕದ ಮರದ ಸಾಮಾನಿಗೂ ಕುತ್ತು. ಚೆನ್ನಾಗಿರುವುದನ್ನು ತೊಳೆದು ಬಿಸಿಲಲ್ಲಿ ಒಣಗಿಸಿ ತನ್ನಿ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಬ್ಲೀಚಿಂಗ್ ಪೌಡರ್ ಕಂಡದ್ದು ಅದು, ವಾಸನೆ ಸುಮ್ನೆ ಹೋಗಲ್ಲ. ಇನ್ನೊಂದು ಮಾತು, ರೈತರ ಹತ್ತಿರ ಕೊಳ್ಳುವಾಗ ಸೌದೆ ರೇಟಿಗೆ ಕೇಳಬೇಡಿ. ಬೆಂಗಳೂರಿನಲ್ಲಿ ಅದಕ್ಕೆ ಏನು ಬೆಲೆ ಹೇಳುತ್ತಾರೆ ಅಂತ ಅವರಿಗೂ ಗೊತ್ತಾಗಿದೆ ಈಗ!

ಹಿತ್ತಾಳೆ ಸಾಮಾನಿನ ಬಗ್ಗೆ ಜಾಸ್ತಿ ಹೇಳಲ್ಲ. ಹಬ್ಬಕ್ಕೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಉಳಿದ ದಿನ ಮಂಕಾಗಿದ್ದರೆ ಇರಲಿ ಬಿಡಿ.

ತಾಮ್ರದ ಹಂಡೆಗೆ ಮಾತ್ರ ದಯವಿಟ್ಟು ತೂತು ಕೊರೆಸಬೇಡಿ. ಬಾಲ್ಕನಿಯಲ್ಲಿ ಗಿಡ ಇಡುವ ಆಸೆ ಇದ್ದರೆ ಕುಂಡವನ್ನೇ ಹಂಡೆಯೊಳಗೆ ಇಳಿಸಿ. ನೀರು ತುಂಬುವ ಹಬ್ಬದ ದಿನ ಕುಂಡ ಎತ್ತಿಟ್ಟು, ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕತ್ತಿಗೊಂದು ಹೂವಿನ ಹಾರ ಸುತ್ತಿ. ಒಲೆ ಎಲ್ಲಿಂದ ತರೋದು ಅಂತ ಕೇಳಬೇಡಿ. ಗೀಸರ್ ನೀರನ್ನೇ ಬಕೆಟ್ಟಿನಲ್ಲಿ ಹಿಡಿದು ತಂದು ತುಂಬಿಸಿ, ನಡೆಯುತ್ತೆ. ನಮಸ್ಕಾರ.